ಕೆಂಪು ಧೂಳಿನ ನಾಡಲ್ಲಿ ಇವೊ ಟೆನ್: ಸರ್ವಿಸ್ ಗಾಳಿಯ ದಾರಿಯಿಂದ ಶುರುವಾಗಲಿ

ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ರ‍್ಯಾಲಿಗೆಂದೇ ಹುಟ್ಟಿದ ಕಾರು. 1996ರಿಂದ 1999ರವರೆಗೆ ಟಾಮ್ಮಿ ಮ್ಯಾಕಿನೆನ್ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್ ಆದದ್ದು ಇದರ ಹಳೆಯ ತಲೆಮಾರುಗಳಲ್ಲಿ. ಆದರೆ ರ‍್ಯಾಲಿ ತಂಡದವರು ಎಂಜಿನ್ನನ್ನು ಆಗಾಗ ಬಿಚ್ಚಿ ಕಟ್ಟುತ್ತಾರೆ. ಮನೆಯ ಕಾರಿಗೆ ಆ ಭಾಗ್ಯವಿಲ್ಲ. ಅದೇ ಎಂಜಿನ್ ಲಕ್ಷ ಕಿಲೋಮೀಟರ್ ಬಾಳಬೇಕು. ಅದೂ ತೋರಣಗಲ್ಲು, ಸಂಡೂರು, ದೋಣಿಮಲೈ ಕಡೆ ಅದಿರು ಲಾರಿಗಳ ಹಿಂದೆ ಓಡುತ್ತಾ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಲ್ಲಿ. ಆದ್ದರಿಂದ 2007ರಲ್ಲಿ ಬಂದ ಹತ್ತನೇ ಇವೊ, ಅಂದರೆ 4ಬಿ11ಟಿ ಎಂಜಿನ್ನಿನ ಕಾರು ಇಟ್ಟವರು ಸರ್ವಿಸನ್ನು ಆಯಿಲ್‌ನಿಂದ ಶುರು ಮಾಡಬೇಡಿ, ಗಾಳಿ ಹೋಗುವ ದಾರಿಯಿಂದ ಮಾಡಿ. ಈ ಸೀಮೆಯಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ, ಸಾಯುವುದು ಬೂಸ್ಟ್ (ಆ ಗಾಳಿಯ ಒತ್ತಡ) ಜಾಸ್ತಿಯಾಗಿ ಅಲ್ಲ, ಮಣ್ಣು ತಿಂದು.

ಏರ್ ಫಿಲ್ಟರ್ ಬಾಕ್ಸ್ ತೆಗೆದಾಗ ಮೊದಲು ನೋಡಬೇಕಾದದ್ದು ಫಿಲ್ಟರ್ ಎಷ್ಟು ಕೆಂಪಾಗಿದೆ ಎಂದಲ್ಲ. ಫಿಲ್ಟರ್ ದಾಟಿದ ಮೇಲಿನ ಹೋಸಿನೊಳಗೆ ಬಿಳಿ ಬಟ್ಟೆ ಹಾಕಿ ಒರೆಸಿ. ಬಟ್ಟೆ ಕೆಂಪಾದರೆ ಫಿಲ್ಟರ್ ಅಂಚಿನ ರಬ್ಬರ್ ಕೂತಿಲ್ಲ, ಇಲ್ಲವೇ ಹೋಸಿನ ಕ್ಲಾಂಪ್ ಸಡಿಲವಾಗಿದೆ. ಒಳಬರುವ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರ್ ಮತ್ತು ಟರ್ಬೊ ನಡುವೆ ಇರುವ ಬಿರುಕು ಎಲ್ಲಕ್ಕಿಂತ ಕೆಟ್ಟದ್ದು: ಅಲ್ಲಿ ಒಳಸೇರುವ ಗಾಳಿಯನ್ನು ಯಾರೂ ಸೋಸಿಲ್ಲ, ಯಾರೂ ಅಳೆದಿಲ್ಲ. ಗಣಿ ರಸ್ತೆಯಲ್ಲಿ ದಿನವೂ ಓಡುವ ಕಾರಾದರೆ 2,500 ಕಿ.ಮೀ.ಗೊಮ್ಮೆ ಬಾಕ್ಸ್ ತೆರೆದು ನೋಡಿ, 8,000ಕ್ಕೆ ಹೊಸ ಫಿಲ್ಟರ್ ಹಾಕಿ. ಗಿಣಿಗೇರಾದ ಸ್ಪಾಂಜ್ ಐರನ್ ಫ್ಯಾಕ್ಟರಿಗಳ ಸುತ್ತ, ರಾಯಚೂರಿನ ಶಕ್ತಿನಗರದ ಹಾರುಬೂದಿಯ ಕಡೆ ಓಡಾಡುವವರಿಗೂ ಇದೇ ಲೆಕ್ಕ. ಕಂಪ್ರೆಸರ್ ಹವಾ ಹೊಡೆದು ಪೇಪರ್ ಫಿಲ್ಟರನ್ನೇ ಮತ್ತೆ ಮತ್ತೆ ಬಳಸುವ ಅಭ್ಯಾಸ ಬಿಡಿ. ಹವಾದ ರಭಸಕ್ಕೆ ಪೇಪರ್‌ನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಈ ಊರುಗಳಿಗೆ ಬೇಡವೇ ಬೇಡ. ಸಣ್ಣ ಧೂಳನ್ನು ಅದು ಹೆಚ್ಚು ಬಿಡುತ್ತದೆ, ಎಣ್ಣೆ ಹೆಚ್ಚಾದರೆ ಮಾಫ್ ತಂತಿಗೂ ಹತ್ತುತ್ತದೆ.

ಹೋಸ್ ಬಿಚ್ಚಿದ್ದಾಗಲೇ ಟರ್ಬೊದ ಬಾಯಿಗೆ ಟಾರ್ಚ್ ಬಿಡಿ. ಕಂಪ್ರೆಸರ್ ಚಕ್ರದ ಅಲಗುಗಳ ಮುಂದಿನ ಅಂಚು ಚೂಪಾಗಿ, ನೇರವಾಗಿ ಇರಬೇಕು. ಮರಳು ಕಾಗದ ತಿಕ್ಕಿದಂತೆ ಮೊಂಡಾಗಿದ್ದರೆ ಧೂಳು ಒಳಗೆ ಹೋಗಿ ಬಹಳ ದಿನವಾಗಿದೆ ಎಂದರ್ಥ. ಶಾಫ್ಟನ್ನು ಬೆರಳಲ್ಲಿ ಅಕ್ಕಪಕ್ಕ ಅಲ್ಲಾಡಿಸಿ: ಆಯಿಲ್ ಒತ್ತಡವಿಲ್ಲದಾಗ ಸ್ವಲ್ಪ ಆಟ ಇದ್ದೇ ಇರುತ್ತದೆ, ಚಕ್ರ ಗೋಡೆಗೆ ತಾಗಬಾರದು. ಹಿಂದೆ ಮುಂದೆ ಎಳೆದಾಗ ಬೆರಳಿಗೆ ಆಟ ಗೊತ್ತಾಗಲೇಬಾರದು. ಗೊತ್ತಾದರೆ ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಸವೆದಿದೆ, ಓಡಿಸಬೇಡಿ.

ಬೂಸ್ಟ್ ಲೀಕ್ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ. ಟರ್ಬೊದ ಒಳಹರಿವಿನ ಅಳತೆಗೆ ಸರಿಯಾದ ಪಿವಿಸಿ ಎಂಡ್ ಕ್ಯಾಪ್, ಅದಕ್ಕೆ ತೂತು ಕೊರೆದು ಕೂರಿಸಿದ ಟ್ಯೂಬ್‌ಲೆಸ್ ವಾಲ್ವ್, ರಬ್ಬರ್ ಸ್ಲೀವ್, ಎರಡು ಕ್ಲಾಂಪ್, ಗೇಜ್ ಇರುವ ಪಂಪ್, ಸೋಪಿನ ನೀರು ಸಾಕು. ಎಂಜಿನ್ ತಣ್ಣಗಿರಲಿ. ವಾಲ್ವ್ ಕವರ್‌ನಿಂದ ಇನ್‌ಟೇಕ್ ಪೈಪಿಗೆ ಬರುವ ಬ್ರೀದರ್ ಹೋಸ್ ಕಳಚಿ, ಪೈಪಿನ ಕಡೆಯ ಬಾಯಿ ಮುಚ್ಚಿ. ಕ್ಯಾಪ್ ಬಿಗಿದು ಮೊದಲು 5 ಪಿಎಸ್‌ಐ, ಆಮೇಲೆ ನಿಧಾನಕ್ಕೆ 15ರವರೆಗೆ ಹವಾ ತುಂಬಿ. 20 ದಾಟಬೇಡಿ. ಕ್ಯಾಪ್ ಹಾರಿದರೆ ಮುಖಕ್ಕೆ ಬಡಿಯುತ್ತದೆ, ಎದುರಿಗೆ ನಿಲ್ಲಬೇಡಿ.

ಈಗ ಕಿವಿಗೊಡಿ, ಸೋಪಿನ ನೀರು ಹಚ್ಚಿ. ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸುವ ಭಾಗ) ಹೋಸಿನ ಜೋಡುಗಳು, ಥ್ರಾಟಲ್ ಬಾಡಿ ಗ್ಯಾಸ್ಕೆಟ್, ಇಂಜೆಕ್ಟರ್ ಓ-ರಿಂಗ್, ಎಂಜಿನ್ ತಳದ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್, ವೇಸ್ಟ್‌ಗೇಟಿಗೆ (ಬೂಸ್ಟ್ ಮಿತಿ ಮೀರದಂತೆ ತಡೆಯುವ ಬಾಗಿಲು) ಹೋಗುವ ಸಣ್ಣ ಹೋಸು ನೋಡಿ. ನಮ್ಮ ಬಿಸಿಲಿಗೆ ಆ ಹೋಸು ಗಟ್ಟಿಯಾಗಿ ತುದಿಯಲ್ಲಿ ಸೀಳುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಬೂಸ್ಟನ್ನು ಹಿಂದಕ್ಕೆ ಬಿಡುವ, ಕಂಪನಿಯ ಪ್ಲಾಸ್ಟಿಕ್ ಬೈಪಾಸ್ ವಾಲ್ವನ್ನೂ ಬಿಡಬೇಡಿ. ಆಯಿಲ್ ಹಾಕುವ ಬಾಯಲ್ಲಿ ಸಣ್ಣಗೆ ಬುಸ್ ಅಂದರೆ ಗಾಬರಿ ಬೇಡ. ವಾಲ್ವ್ ತೆರೆದ ಸಿಲಿಂಡರಿನಲ್ಲಿ ರಿಂಗ್ ಪಕ್ಕದಿಂದ ಸ್ವಲ್ಪ ಗಾಳಿ ಇಳಿಯುವುದು ಸಹಜ, ಕ್ರ್ಯಾಂಕ್ ತುಸು ತಿರುಗಿಸಿ ಮತ್ತೆ ನೋಡಿ.

ಲೀಕ್ ಇರುವ ಕಾರು ಕಪ್ಪು ಹೊಗೆ ಬಿಡುವುದೇಕೆ? ಮಾಫ್ ಅಳೆದ ಗಾಳಿಯ ಲೆಕ್ಕಕ್ಕೆ ಎಂಜಿನ್ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಕೊಟ್ಟಿರುತ್ತದೆ. ಆ ಗಾಳಿ ದಾರಿಯಲ್ಲೇ ಸೋರಿದರೆ ಸಿಲಿಂಡರಿನಲ್ಲಿ ಪೆಟ್ರೋಲೇ ಹೆಚ್ಚಾಗುತ್ತದೆ. ಬೂಸ್ಟ್ ಮುಟ್ಟಿಸಲು ಟರ್ಬೊ ಇನ್ನೂ ಜೋರಾಗಿ ತಿರುಗಿ ಬಿಸಿಯಾಗುತ್ತದೆ. ಥ್ರಾಟಲ್ ದಾಟಿದ ಮೇಲಿನ ಲೀಕಾದರೆ ಐಡಲ್‌ನಲ್ಲಿ ಇದು ತಿರುಗುಮುರುಗು: ಹೊರಗಾಳಿ ಒಳಸೇರಿ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಲೆಕ್ಕದಲ್ಲಿ ಇಸಿಯು ಮಾಡಿಕೊಳ್ಳುವ ತಿದ್ದುಪಡಿ) ಪ್ಲಸ್ ಕಡೆ ಏರುತ್ತದೆ. ಈಗ ಬಂಕಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುವುದರಿಂದಲೂ ಟ್ರಿಮ್ ಸ್ವಲ್ಪ ಏರುತ್ತದೆ, ಅದನ್ನು ಕಳೆದು ಲೆಕ್ಕ ಹಾಕಿ. ಐಡಲ್‌ನಲ್ಲಿ ಮಾತ್ರ ಹೆಚ್ಚು, ಹೈವೇಯಲ್ಲಿ ಸರಿ ಎಂದರೆ ಲೀಕ್. ಎರಡೂ ಕಡೆ ಒಂದೇ ಸಮ ಎಂದರೆ ಪೆಟ್ರೋಲಿನ ಗುಣ.

ಇಂಟರ್‌ಕೂಲರಿನ ರೆಕ್ಕೆಗಳನ್ನು ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಒಡ್ಡಬೇಡಿ, ಮಡಚಿಹೋಗುತ್ತವೆ. ಬಂಪರ್ ಕಳಚಿ, ಹಿಂದಿನಿಂದ ಮುಂದಕ್ಕೆ ಸಾದಾ ಪೈಪಿನ ನೀರು ಬಿಡಿ.

ಇನ್ನು ಆಯಿಲ್. 5ಡಬ್ಲ್ಯೂ-40 ಫುಲ್ ಸಿಂಥೆಟಿಕ್, 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಐದು ಲೀಟರ್ ಹಾಕಿ, ಮಿಕ್ಕಿದ್ದನ್ನು ಡಿಪ್‌ಸ್ಟಿಕ್ ನೋಡಿ ತುಂಬಿ. ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್, ಬಿಗಿತ 39 ನ್ಯೂಟನ್ ಮೀಟರ್. ಚೇಂಬರಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ಥ್ರೆಡ್ ಪಾನಾ ಹಿಡಿದು ಅಂದಾಜಿಗೆ ಎಳೆದೇ ಹಾಳಾಗುವುದು. ಮ್ಯಾಗ್ನೆಟ್ ಇರುವ ಡ್ರೈನ್ ಬೋಲ್ಟ್ ಹಾಕಿದ್ದರೆ ಒಂದು ಮಾತು: ಸಂಡೂರಿನ ಅದಿರು ಬಹುಪಾಲು ಹೆಮಟೈಟ್, ಮ್ಯಾಗ್ನೆಟ್ಟಿಗೆ ಅಷ್ಟಾಗಿ ಅಂಟುವುದಿಲ್ಲ. ಬೋಲ್ಟಿನ ಮೇಲೆ ಗಟ್ಟಿಯಾಗಿ ಕೂತ ಪುಡಿ ಕಂಡರೆ ಅದನ್ನು ಊರಿನ ಧೂಳೆಂದು ತಳ್ಳಿಹಾಕಬೇಡಿ, ಅದು ನಿಮ್ಮ ಎಂಜಿನ್ನಿನದೇ ಕಬ್ಬಿಣ. ಆಯಿಲ್ ಫಿಲ್ಟರ್ ಬದಲಿಸಿದ ಮೇಲೆ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿ. ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆಯಿಲ್ ತಡವಾಗಿ ಬದಲಿಸಿದವರ ಚೈನ್ ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟಿನಲ್ಲಿ ಎರಡು ಮೂರು ಸೆಕೆಂಡ್ ಗರಗರ, ಆಮೇಲೆ ಪಿ0016 ಕೋಡ್ (ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಾಣಿಕೆ ತಪ್ಪಿದೆ ಎಂಬ ಸೂಚನೆ) ಬಂದರೆ ಚೈನ್, ಗೈಡ್, ಟೆನ್ಷನರ್ ಮೂರನ್ನೂ ಒಟ್ಟಿಗೆ ಬದಲಿಸಿ.

ಬೂಸ್ಟಿನಲ್ಲಿ ಮಾತ್ರ ಮಿಸ್ ಹೊಡೆದರೆ ಕಾಯಿಲ್‌ಗಿಂತ ಮೊದಲು ಪ್ಲಗ್ ನೋಡಿ. ಕಂಪನಿಯ ಎನ್‌ಜಿಕೆ ಐಎಲ್‌ಕೆಆರ್8ಇ6 ಪ್ಲಗ್ಗಿನ ಗ್ಯಾಪ್ 0.6 ಮಿ.ಮೀ. ಸವೆದು ಅಗಲವಾದರೆ ಒತ್ತಡದಲ್ಲಿ ಕಿಡಿ ಆರುತ್ತದೆ. ಪೆಟ್ರೋಲ್ 95 ಆಕ್ಟೇನ್‌ಗಿಂತ ಕೆಳಗಿಳಿಯಬೇಡಿ, ಹೆಚ್ಚಿನದು ಸಿಕ್ಕರೆ ಅದೇ ಇರಲಿ. ಮೇ ತಿಂಗಳ ಮಧ್ಯಾಹ್ನ ಎಂಜಿನ್ನಿಗೆ ಹೋಗುವ ಗಾಳಿಯೇ ಕಾದಿರುತ್ತದೆ, ನಾಕ್ (ಪೆಟ್ರೋಲ್ ತಾನಾಗಿ ಹೊತ್ತಿ ಎಂಜಿನ್ ಬಡಿಯುವುದು) ಆಗುವುದು ಆಗಲೇ.

ಬ್ರೇಕ್ ಸುಲಭ. ಮುಂದೆ 350, ಹಿಂದೆ 330 ಮಿ.ಮೀ. ಡಿಸ್ಕ್. ಪ್ಯಾಡ್ ಹಿಡಿಯುವ ಪಿನ್ನುಗಳು ಧೂಳು ಕೂತು ಬಿಗಿಯುತ್ತವೆ, ತೆಗೆದು ಒರೆಸಿ. ಫ್ಲೂಯಿಡ್ ಡಾಟ್ 4, ವರ್ಷಕ್ಕೊಮ್ಮೆ. ವೀಲ್ ನಟ್ಟಿಗೆ 98 ನ್ಯೂಟನ್ ಮೀಟರ್.

ಹಿಂದಿನ ಚಕ್ರದ ಗೂಡಿನೊಳಗೆ, ಲೈನರಿನ ಮರೆಯಲ್ಲಿರುವ ಎವೈಸಿ (ಹಿಂದಿನ ಎರಡು ಚಕ್ರಗಳ ನಡುವೆ ಬಲ ಹಂಚುವ ವ್ಯವಸ್ಥೆ) ಪಂಪನ್ನು ಮಳೆಗಾಲ ಮುಗಿದೊಡನೆ ನೋಡಲೇಬೇಕು. ಕೆಂಪು ಕೆಸರು ಅಲ್ಲಿ ಕೂತು ಒದ್ದೆಯಾಗಿಯೇ ಉಳಿದು ಪಂಪಿನ ಮೈ ತುಕ್ಕು ಹಿಡಿಯುತ್ತದೆ. ಲೈನರ್ ಬಿಚ್ಚಿ ತೊಳೆದು ಒಣಗಿಸಿ. ಇದರ ಹೈಡ್ರಾಲಿಕ್‌ಗೆ ಎಸ್‌ಪಿ-3 ಎಟಿಎಫ್, ಹಿಂದಿನ ಡಿಫರೆನ್ಷಿಯಲ್‌ಗೆ ಬೇರೆಯೇ ಗೇರ್ ಆಯಿಲ್. ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ನಾಲ್ಕೂ ಟಯರ್ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಸವೆತದವಾಗಿರಲಿ. ಎರಡೇ ಹೊಸದು ಹಾಕಿದರೆ ಸುತ್ತಳತೆ ಬೇರೆಯಾಗಿ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಸೆಂಟರ್ ಡಿಫರೆನ್ಷಿಯಲ್ ಸದಾ ಎಳೆದಾಡುತ್ತದೆ.

ಕೆಟ್ಟು ನಿಂತರೆ ಮುಂದಿನ ಚಕ್ರ ಎತ್ತಿ ಎಳೆಯುವ ಕ್ರೇನ್ ಗಾಡಿಯವರಿಗೆ ಒಪ್ಪಿಕೊಳ್ಳಬೇಡಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಿದು, ಎರಡು ನೆಲದಲ್ಲಿ ತಿರುಗಿ ಎರಡು ನಿಂತರೆ ಟ್ರಾನ್ಸ್‌ಫರ್ ಕೇಸ್ ಹೋಗುತ್ತದೆ. ಫ್ಲಾಟ್‌ಬೆಡ್ ಲಾರಿ ಹೊಸಪೇಟೆಯಿಂದ ಬರಬೇಕಾದರೂ ಬರಲಿ, ಅಲ್ಲಿಯತನಕ ಕಾರು ನಿಂತಲ್ಲೇ ಇರಲಿ.