ಅನಿಮಿಷ: ಅಪರೂಪದ ಒಂದು ಹೆಸರಿನ ಬೇರು ಹಿಡಿದ ಬಗೆ

ಗಂಡು ಮಗುವಿಗೆ ‘ಅನಿಮಿಷ’ ಅಂತ ಇಡಬಹುದಾ, ಅರ್ಥ ಏನು, ನಮ್ಮ ಕಡೆ ಬೇರೆ ಯಾರಿಗಾದರೂ ಈ ಹೆಸರಿದೆಯಾ ಎಂಬ ಮೂರು ಪ್ರಶ್ನೆ ಒಟ್ಟಿಗೇ ಬರುತ್ತವೆ. ಹನ್ನೊಂದನೇ ದಿನಕ್ಕೋ ಹನ್ನೆರಡನೇ ದಿನಕ್ಕೋ ತೊಟ್ಟಿಲು ಶಾಸ್ತ್ರ ಇರುವುದರಿಂದ ಹುಡುಕಲು ಹೆಚ್ಚು ದಿನ ಸಿಗುವುದಿಲ್ಲ. ಆದ್ದರಿಂದ ಕೆಲಸವನ್ನು ಮೊದಲೇ ಮೂರಾಗಿ ಒಡೆದುಕೊಳ್ಳುತ್ತೇನೆ: ಪದಕ್ಕೆ ಎಷ್ಟು ವಯಸ್ಸು, ಅದು ಮನುಷ್ಯನ ಹೆಸರಾಗಿ ಎಷ್ಟು ಕಾಲವಾಯಿತು, ಈಗ ಎಷ್ಟು ಜನ ಇಟ್ಟುಕೊಂಡಿದ್ದಾರೆ. ಈ ಮೂರನ್ನೂ ಕಲಸಿಬಿಟ್ಟರೆ ‘ವೇದಕಾಲದ ಹೆಸರು’ ಎಂಬಂಥ ಮಾತು ಹುಟ್ಟುತ್ತದೆ. ಪದ ವೇದದಲ್ಲಿದೆ ಎಂದ ಮಾತ್ರಕ್ಕೆ ಆಗಿನ ತಂದೆತಾಯಿ ಮಗನನ್ನು ಹಾಗೆ ಕರೆದರು ಎಂದಾಗುವುದಿಲ್ಲ.

ಮೊದಲು ಪದ. ಸಂಸ್ಕೃತದ ‘ಮಿಷ್’ ಧಾತುವಿಗೆ ‘ನಿ’ ಸೇರಿದರೆ ಕಣ್ಣು ಮುಚ್ಚುವ ಅರ್ಥ. ಅದರಿಂದ ನಿಮಿಷ, ಅಂದರೆ ರೆಪ್ಪೆ ಬಡಿಯುವಷ್ಟು ಹೊತ್ತು. ಅರವತ್ತು ಸೆಕೆಂಡಿಗೆ ನಾವು ಈ ಪದ ಬಳಸುವುದು ಗಡಿಯಾರ ಬಂದ ಮೇಲಿನ ರೂಢಿ. ಮೊದಲಿಗೆ ‘ಅ’ ಸೇರಿ ಅನಿಮಿಷ: ಕನ್ನಡದ ಹಳೆಯ ಮಾತಿನಲ್ಲಿ ಎವೆಯಿಕ್ಕದವನು. ನಿಘಂಟಿನಲ್ಲಿ ‘ಅ’ಕಾರದಲ್ಲಿ ಹುಡುಕಿ ಸಿಗದಿದ್ದರೆ ‘ನಿ’ಕಾರಕ್ಕೆ ಹೋಗಿ ನಿಮಿಷ, ನಿಮೇಷ ಎರಡನ್ನೂ ನೋಡಬೇಕು. 1894ರ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ಸಂಸ್ಕೃತಕ್ಕೆ ಆಪ್ಟೆ ನಿಘಂಟು ಇಷ್ಟು ಪಕ್ಕದಲ್ಲಿದ್ದರೆ ಸಾಕು. ಇಲ್ಲಿ ಸುಲಭವಾಗಿ ಆಗುವ ತಪ್ಪು ಪದವನ್ನು ಬೇಕಾದ ಕಡೆ ಕತ್ತರಿಸುವುದು. ‘ಮಿಷ’ ಎಂದರೆ ನೆಪ, ಆದ್ದರಿಂದ ಅನಿಮಿಷ ಎಂದರೆ ನೆಪ ಹೇಳದವನು ಎಂದು ಬಿಡಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನಡುವಿನ ‘ನಿ’ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಉತ್ತರವಿಲ್ಲ. ಹೆಸರಿನ ಪಟ್ಟಿಗಳಲ್ಲಿ ಒಂದೇ ಅರ್ಥ ಅಕ್ಷರಶಃ ಹತ್ತು ಕಡೆ ಕಂಡರೂ ಅದು ಒಂದೇ ಸಾಕ್ಷಿ. ಒಬ್ಬರಿಂದ ಒಬ್ಬರು ನಕಲು ಮಾಡಿರುತ್ತಾರೆ.

ಪದ ಎಲ್ಲೆಲ್ಲಿ ಬಂದಿದೆ ಎಂದು ನೋಡಿದರೆ ಅರ್ಥಕ್ಕೆ ಮೈ ಬರುತ್ತದೆ. ಋಗ್ವೇದದ ಹತ್ತನೇ ಮಂಡಲದ 103ನೇ ಸೂಕ್ತದಲ್ಲಿ ಇಂದ್ರನನ್ನು ‘ಸಂಕ್ರಂದನೋಽನಿಮಿಷ ಏಕವೀರಃ’ ಎಂದಿದ್ದಾರೆ. ಯುದ್ಧದಲ್ಲಿ ಕಣ್ಣು ಮಿಟುಕಿಸದ ವೀರ. ವಿಷ್ಣು ಸಹಸ್ರನಾಮದಲ್ಲಿ ‘ನಿಮಿಷೋಽನಿಮಿಷಃ ಸ್ರಗ್ವೀ’ ಎಂದು ಎರಡೂ ಜೊತೆಯಾಗಿ ಬರುತ್ತವೆ: ಯೋಗನಿದ್ರೆಯಲ್ಲಿ ಕಣ್ಣು ಮುಚ್ಚಿದವನೂ ಅವನೇ, ಸದಾ ಎಚ್ಚರವಿರುವವನೂ ಅವನೇ. ಅಮರಕೋಶ ‘ಸುರಮತ್ಸ್ಯಾವನಿಮಿಷೌ’ ಎನ್ನುತ್ತದೆ, ಅಂದರೆ ದೇವತೆಗಳೂ ಅನಿಮಿಷರು, ಮೀನುಗಳೂ ಅನಿಮಿಷರು. ಮೀನಿಗೆ ರೆಪ್ಪೆ ಇಲ್ಲ, ಆದ್ದರಿಂದ ಇದು ಕಣ್ಣಾರೆ ನೋಡಿ ಇಟ್ಟ ಮಾತು. ದೇವತೆಗಳ ವಿಷಯಕ್ಕೆ ನಳ ದಮಯಂತಿಯ ಸ್ವಯಂವರ ನೆನೆದರೆ ಸಾಕು. ನಳನಂತೆಯೇ ವೇಷ ಧರಿಸಿ ನಿಂತ ದೇವತೆಗಳನ್ನು ಅವಳು ಗುರುತಿಸಿದ್ದು ಬೆವರದ ಮೈ, ಬಾಡದ ಹೂವು, ನೆಲಕ್ಕೆ ತಾಗದ ಕಾಲು, ಮಿಟುಕದ ಕಣ್ಣು ನೋಡಿ. ಬೌದ್ಧರಲ್ಲೂ ಈ ಪದ ಇದೆ: ಜ್ಞಾನೋದಯದ ನಂತರದ ಎರಡನೇ ವಾರ ಬುದ್ಧ ಬೋಧಿವೃಕ್ಷವನ್ನು ಎವೆಯಿಕ್ಕದೆ ನೋಡುತ್ತ ನಿಂತ ಎನ್ನುವ ಜಾಗ ಬೋಧಗಯೆಯಲ್ಲಿ ಅನಿಮೇಷಲೋಚನ ಎಂದೇ ಹೆಸರಾಗಿದೆ. ವಸಿಷ್ಠರ ಶಾಪದಿಂದ ದೇಹ ಕಳೆದುಕೊಂಡ ನಿಮಿ ರಾಜ ಎಲ್ಲರ ರೆಪ್ಪೆಯಲ್ಲಿ ನೆಲೆಸಿದ, ಅದಕ್ಕೇ ‘ನಿಮಿಷ’ ಎಂಬ ಪುರಾಣದ ಕಥೆಯನ್ನು ಮಾತ್ರ ಕಥೆಯಾಗಿಯೇ ಇಟ್ಟುಕೊಳ್ಳಬೇಕು, ವ್ಯುತ್ಪತ್ತಿಯ ಸಾಕ್ಷಿಯಾಗಿ ಅಲ್ಲ.

ಇಷ್ಟೂ ಬಿರುದು, ವಿಶೇಷಣ. ಮನುಷ್ಯನ ಹೆಸರಾಗಿ ಇದು ಎದ್ದು ನಿಲ್ಲುವುದು ನಮ್ಮ ಶಿಕಾರಿಪುರ ಸೀಮೆಗೆ ಸೇರಿದ ಕಥೆಯಲ್ಲಿ. ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿಯ ಅಲ್ಲಮ, ಹರಿಹರನ ಪ್ರಭುದೇವರ ರಗಳೆಯಲ್ಲಿ, ಮಡದಿ ಕಮಲತೆ ತೀರಿಕೊಂಡ ಮೇಲೆ ದಿಕ್ಕುಗೆಟ್ಟು ಅಲೆಯುತ್ತಾನೆ. ತೋಟವೊಂದರಲ್ಲಿ ಕೂತು ಕಾಲುಗುರಿನಲ್ಲಿ ನೆಲ ಕೆದಕುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆಸಿ ಒಳಗೆ ಹೋದರೆ ಅಂಗೈಯ ಲಿಂಗದಲ್ಲಿ ನೋಟ ನೆಟ್ಟು ಕೂತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತಿದ್ದಂತೆ ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ಗುರು ಒಂದು ಮಾತೂ ಆಡುವುದಿಲ್ಲ, ಅವನ ಹೆಸರೇ ಅವನ ಉಪದೇಶ. ಈ ಹೆಸರಿಡಬೇಕೋ ಬೇಡವೋ ಎಂದು ತೂಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸಹಸ್ರನಾಮದಲ್ಲಿ ಇದೆ ಎನ್ನುವುದಕ್ಕಿಂತ, ಮಲೆನಾಡಿನ ಅಂಚಿನ ನಮ್ಮದೇ ಮಣ್ಣಿನ ನೆನಪು ಈ ಹೆಸರಿಗೆ ಅಂಟಿದೆ ಎನ್ನುವುದು ದೊಡ್ಡದು. ಹೆಸರಿನ ಕೊನೆಯ ‘ಅಯ್ಯ’ ನೋಡಬೇಕು. ಅಯ್ಯ, ಅಪ್ಪ, ಅಣ್ಣ ಸೇರಿತು ಎಂದರೆ ಪದ ಗ್ರಂಥದಿಂದ ಇಳಿದು ಊರಿನೊಳಗೆ ಬಂತು ಎಂದರ್ಥ.

ಶಾಸನದಲ್ಲಿ ಹುಡುಕುವವರಿಗೆ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳನೇ ಸಂಪುಟ (1902) ಮತ್ತು ಎಂಟನೇ ಸಂಪುಟ (1904) ಬೇಕು. ಏಳರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. ಎಂಟರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಅಲ್ಲಿ ‘ನಗರ’ ಎಂದಿರುವುದು ಈಗಿನ ಹೊಸನಗರ ತಾಲ್ಲೂಕಿನ ಸೀಮೆ. ಹೊನ್ನಾಳಿ, ಚನ್ನಗಿರಿ 1997ರಿಂದ ದಾವಣಗೆರೆ ಜಿಲ್ಲೆಯಲ್ಲಿವೆ. ಇದು ತಿಳಿಯದಿದ್ದರೆ ತಪ್ಪು ಸಂಪುಟ ಹಿಡಿದು ದಿನ ಹಾಳಾಗುತ್ತದೆ. ಕೊನೆಯ ಹೆಸರುಗಳ ಸೂಚಿಯನ್ನಷ್ಟೇ ನಂಬದೆ ಕನ್ನಡ ಪಾಠವನ್ನೂ ತಿರುವಿಹಾಕಬೇಕು. ಹೆಸರಿನ ಕೊನೆಗೆ ಅಯ್ಯ, ದೇವ, ಪಂಡಿತ ಬಂದರೆ ಮನುಷ್ಯ, ಈಶ್ವರ ಬಂದರೆ ಬಹುಪಾಲು ಗುಡಿಯ ದೇವರು.

ಇನ್ನು ಎಷ್ಟು ಜನಪ್ರಿಯ ಎಂಬ ಪ್ರಶ್ನೆ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಇಲಾಖೆ 1880ರಿಂದೀಚೆಗೆ ಹುಟ್ಟಿದವರ ಹೆಸರಿನ ಲೆಕ್ಕವನ್ನು ವರ್ಷವಾರು ಕೊಡುತ್ತದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗಿಟ್ಟ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ನಮ್ಮಲ್ಲಿ ಸರ್ಕಾರದಿಂದ ಅಂಥ ಪಟ್ಟಿ ಇಲ್ಲ. ಆದ್ದರಿಂದ ‘ಭಾರತದಲ್ಲಿ ಇದು ಇಷ್ಟನೇ ಸ್ಥಾನದ ಹೆಸರು’ ಎಂದು ಎಲ್ಲಾದರೂ ಓದಿದರೆ ಅದನ್ನು ಬದಿಗಿಡಬೇಕು. ನಮಗೆ ಎಟಕುವುದು ಮತದಾರರ ಪಟ್ಟಿ. ನಮ್ಮ ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕಿಗೆ ತಲಾ ಮೂರು ಮತಗಟ್ಟೆಯಂತೆ, ಪೇಟೆ ಒಂದು, ಹಳ್ಳಿ ಎರಡು ಆರಿಸಿದರೆ ಇಪ್ಪತ್ತೊಂದು ಪಟ್ಟಿ. ಒಂದೊಂದರಲ್ಲಿ ಸುಮಾರು ಸಾವಿರ ಹೆಸರು ಹಿಡಿದರೆ ಗಂಡಸರೇ ಹತ್ತು ಸಾವಿರದಷ್ಟು ಸಿಗುತ್ತಾರೆ. ಅಷ್ಟರಲ್ಲಿ ಒಬ್ಬನೂ ಅನಿಮಿಷ ಸಿಗದಿದ್ದರೆ ‘ಯಾರೂ ಇಲ್ಲ’ ಎಂದು ಬರೆಯಬಾರದು. ಸೊನ್ನೆ ಬಂದಾಗ ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸುವುದು ಸಂಖ್ಯಾಶಾಸ್ತ್ರದ ಸರಳ ಲೆಕ್ಕ: ಹತ್ತು ಸಾವಿರಕ್ಕೆ ಹೆಚ್ಚೆಂದರೆ ಮೂವರು ಎಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಬಹುದು, ಅಷ್ಟೇ. ಮೂರೂ ಮತಗಟ್ಟೆ ಒಂದೇ ಕೇರಿಯವಾದರೆ ಈ ಲೆಕ್ಕ ನಿಲ್ಲುವುದಿಲ್ಲ, ಏಕೆಂದರೆ ಹೆಸರುಗಳು ಮನೆತನದ ಜೊತೆಗೆ ಗುಂಪಾಗಿ ಇರುತ್ತವೆ.

ಈ ಪಟ್ಟಿಯಲ್ಲಿ ಎರಡು ಕಾಲಂ ಬಹಳ ಬೆಲೆಯುಳ್ಳವು. ಒಂದು ತಂದೆಯ ಹೆಸರು. ಮಗನ ಸಾಲಿನಲ್ಲಿ ಸಿಗದ ಅನಿಮಿಷಯ್ಯ, ಅನಿಮಿಷಪ್ಪ ಅಲ್ಲಿ ಸಿಕ್ಕರೆ ಹೆಸರು ಹಿಂದಿನ ತಲೆಮಾರಿನದು. ಇನ್ನೊಂದು ವಯಸ್ಸು. ‘ಮಯೂರ’ವನ್ನು ಹೀಗೇ ಪರೀಕ್ಷಿಸಬಹುದು: ಹೆಸರು ತಾಳಗುಂದದ ಕಂಬದ ಶಾಸನದಷ್ಟು ಹಳೆಯದು, ರಾಜ್‌ಕುಮಾರ್ ನಟಿಸಿದ ಚಿತ್ರ ಬಂದದ್ದು 1975ರಲ್ಲಿ; ಪಟ್ಟಿಯಲ್ಲಿರುವ ಮಯೂರರು ಆ ವರ್ಷಕ್ಕೆ ಮುಂಚೆ ಹುಟ್ಟಿದವರೋ ಆಮೇಲೋ ಎಂದು ಎಣಿಸಿದರೆ ಹೆಸರು ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಆದರೆ ಮತದಾರರ ಪಟ್ಟಿ ಹದಿನೆಂಟು ವರ್ಷ ಹಿಂದಿನ ಕನ್ನಡಿ. ಈಗಿನ ಮಕ್ಕಳ ಹೆಸರು ತಿಳಿಯಲು ಅಂಗನವಾಡಿ ಕಾರ್ಯಕರ್ತೆಯರನ್ನೂ ಒಂದನೇ ತರಗತಿಯ ಮೇಷ್ಟ್ರನ್ನೂ ‘ಈ ಹೆಸರಿನ ಮಗು ಇದೆಯಾ’ ಎಂದಷ್ಟೇ ಕೇಳಿದರೆ ಸಾಕು. ಮನೆ ವಿಳಾಸ, ಜಾತಿ ಯಾವುದೂ ಬೇಡ, ಬರೆದುಕೊಳ್ಳಲೂ ಬಾರದು.

ಕಂಪ್ಯೂಟರಿನಲ್ಲಿ ಹುಡುಕುವಾಗ ಮುಖ್ಯವಾಗಿ ಕೈಕೊಡುವುದು ಅಕ್ಷರ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಹುಡುಕಾಟ ನಡೆಯುವುದೇ ಇಲ್ಲ. ಹಳೆಯ ನುಡಿ ಫಾಂಟಿನ ಕಡತದಲ್ಲಿ ಯೂನಿಕೋಡ್‌ನಲ್ಲಿ ಟೈಪಿಸಿದರೆ ಹೆಸರು ಎದುರಿಗಿದ್ದರೂ ‘ಇಲ್ಲ’ ಎಂದು ತೋರಿಸುತ್ತದೆ. ಅನಿಮಿಷ, ಅನಿಮಿಷ್, ಅನಿಮಿಶ್, ಅನಿಮಿಶ, ಅನಿಮೇಷ, ಅನಿಮೇಶ್, ಅನಮಿಷ, ಈ ಏಳನ್ನೂ ಬೇರೆ ಬೇರೆ ಹಾಕಿ ನೋಡಬೇಕು. ಇವುಗಳಲ್ಲಿ ಅನಿಮೇಶ್ ಬಂಗಾಳ, ಒಡಿಶಾ ಕಡೆ ತೀರಾ ಬಳಕೆಯ ಹೆಸರು. ಧಾತು ಅದೇ, ಅರ್ಥವೂ ಅದೇ, ಆದರೆ ನಮ್ಮ ಅನಿಮಿಷಯ್ಯನ ದಾರಿಯಲ್ಲಿ ಬಂದದ್ದಲ್ಲ. ಅದನ್ನೂ ಒಟ್ಟು ಸೇರಿಸಿ ಎಣಿಸಿದರೆ ಅಪರೂಪದ ಹೆಸರು ಒಂದೇ ಏಟಿಗೆ ಸಾಮಾನ್ಯವಾಗಿಬಿಡುತ್ತದೆ.

ಬಾಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಕೂಗಿ ನೋಡಿಯೇ ತಿಳಿಯಬೇಕು. ‘ಒಂದ್ ನಿಮ್ಷ’ ಎನ್ನುವ ನಾಲಿಗೆ ಇದನ್ನು ‘ಅನಿಮ್ಷ’ ಮಾಡುತ್ತದೆ. ತೋಟದ ಆ ತುದಿಯಿಂದ ಕರೆದರೆ ‘ಅನಿ’ ಒಂದೇ ಉಳಿಯುತ್ತದೆ, ಮನೆಯಲ್ಲಿ ಅನಿರುದ್ಧ, ಅನಿಕೇತ ಇದ್ದರೆ ಇಬ್ಬರೂ ಓಗೊಡುತ್ತಾರೆ. ನಕ್ಷತ್ರ ನೋಡುವವರಿಗೆ ‘ಅ’ ಕೃತ್ತಿಕೆಯ ಮೊದಲ ಪಾದ. ಮನೆಯ ಸಂಸ್ಕಾರಗಳನ್ನು ಹೇಳುವ ಹಳೆಯ ಗ್ರಂಥ ಪಾರಸ್ಕರ ಗೃಹ್ಯಸೂತ್ರ ಗಂಡಿಗೆ ಎರಡೋ ನಾಲ್ಕೋ ಅಕ್ಷರ, ಹೆಣ್ಣಿಗೆ ಬೆಸ ಸಂಖ್ಯೆಯ, ‘ಆ’ಕಾರದಲ್ಲಿ ಮುಗಿಯುವ ಹೆಸರು ಎನ್ನುತ್ತದೆ. ಅನಿಮಿಷ ನಾಲ್ಕಕ್ಷರ, ನಿಮಿಷಾ ಮೂರು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ.

ತೊಡಕು ಇರುವುದು ಇಂಗ್ಲಿಷ್ ಕಾಗುಣಿತದಲ್ಲಿ. ಕೊನೆಗೆ ‘ಎ’ ಹಾಕಿದರೆ ಹೊರರಾಜ್ಯದವರು ‘ಅನಿಮಿಷಾ’ ಎಂದು ಓದಿ ಹುಡುಗಿ ಎಂದುಕೊಳ್ಳುತ್ತಾರೆ, ಹಾಕದಿದ್ದರೆ ‘ಅನಿಮಿಷ್’ ಆಗುತ್ತದೆ. ಕನ್ನಡದಲ್ಲಿ ಪೂರ್ತಿ ‘ಅನಿಮಿಷ’, ಇಂಗ್ಲಿಷಿನಲ್ಲಿ ‘ಎಚ್’ಗೆ ನಿಲ್ಲಿಸುವುದು ಮೇಲು ಎಂದು ನನ್ನ ಅಭಿಪ್ರಾಯ. ಯಾವುದೇ ಆದರೂ ಮೊದಲ ದಿನವೇ ತೀರ್ಮಾನವಾಗಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಜನನವನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ತಡ ಶುಲ್ಕ ಕಟ್ಟಿ 15 ವರ್ಷದವರೆಗೆ. ಅವಸರದಲ್ಲಿ ಆಸ್ಪತ್ರೆಯ ಫಾರಂನಲ್ಲಿ ಏನೋ ಒಂದು ಬರೆಸುವುದಕ್ಕಿಂತ ಖಾಲಿ ಬಿಡುವುದೇ ಸರಿ, ಒಮ್ಮೆ ದಾಖಲಾದ ಹೆಸರನ್ನು ಬದಲಿಸುವುದು ಸುಲಭವಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ ಸೇರಲೂ ಪಾಸ್‌ಪೋರ್ಟಿಗೂ ಹುಟ್ಟಿದ ದಿನಕ್ಕೆ ಈ ಪ್ರಮಾಣಪತ್ರವೇ ಆಧಾರ.

ನಾಮಕರಣದ ದಿನ ಹರಿವಾಣದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಬರೆಯುವಾಗ ‘ಷ’ದ ಹೊಟ್ಟೆಯೊಳಗಿನ ಗೀಟು ಅಕ್ಕಿ ಜಾರಿ ಮುಚ್ಚಿಹೋಗುತ್ತದೆ. ಅಕ್ಕಿಯನ್ನು ತೆಳುವಾಗಿ ಹರಡಿ, ಅಕ್ಷರ ದೊಡ್ಡದಾಗಿ ಬರೆದರೆ ನಿಲ್ಲುತ್ತದೆ. ಅದೇ ‘ಷ’ ಆಧಾರ್ ಮಾಡಿಸುವಾಗ ಮತ್ತೆ ತಪ್ಪಿಸಿಕೊಳ್ಳುತ್ತದೆ: ಇಂಗ್ಲಿಷಿನಲ್ಲಿ ಟೈಪಿಸಿದ ಹೆಸರನ್ನು ಯಂತ್ರ ತಾನೇ ಕನ್ನಡಕ್ಕೆ ತಿರುಗಿಸಿ ‘ಅನಿಮಿಶ್’ ಎಂದು ಕೂರಿಸುತ್ತದೆ. ಜನನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಪರದೆಯ ಕನ್ನಡದ ಸಾಲನ್ನು ಒಂದೊಂದೇ ಅಕ್ಷರ ಓದಿ, ಕೈಯಿಂದ ತಿದ್ದಿಸಿದ ಮೇಲೆಯೇ ಚೀಟಿಗೆ ಸಹಿ ಹಾಕಬೇಕು.