ಭಾಷಣವಿಲ್ಲದ ಬೆಳೆಗಾರರ ಸಭೆ: ನಾವು ನಡೆಸಿದ ರೀತಿ

ಮಲೆನಾಡಿನಲ್ಲಿ ಅಡಿಕೆ ಬೆಳೆಗಾರರ ಸಭೆಗೆ ಒಂದು ಗೊತ್ತಾದ ಕ್ರಮ ಇದೆ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಮುಖ್ಯ ಅತಿಥಿ, ಅಧ್ಯಕ್ಷರ ಮಾತು. ಬೆಳೆಗಾರರು ಪ್ರಶ್ನೆ ಕೇಳುವ ಸರದಿ ಬರುವಷ್ಟರಲ್ಲಿ ಒಳಗಿನಿಂದ ಒಗ್ಗರಣೆ ವಾಸನೆ ಬಂದಿರುತ್ತದೆ. ಅಸಲು ಮಾತುಕತೆ ನಡೆಯುವುದು ಆಮೇಲೆ, ಕೈ ತೊಳೆಯುವ ಜಾಗದಲ್ಲಿ, ಬೈಕ್ ನಿಲ್ಲಿಸಿದಲ್ಲಿ. ಆ ಮಾತುಕತೆಯನ್ನೇ ಇಡೀ ದಿನದ ಕಾರ್ಯಕ್ರಮ ಮಾಡಬೇಕು ಅಂತ ಹೊರಟವರು ತೀರ್ಥಹಳ್ಳಿ ಕಡೆಯ ನಾವು ನಾಲ್ಕೈದು ಜನ.

ಉಪಾಯ ನಮ್ಮದಲ್ಲ. ಅಮೆರಿಕದ ಹ್ಯಾರಿಸನ್ ಓವೆನ್ ಎಂಬಾತ ಒಂದು ದೊಡ್ಡ ಸಮ್ಮೇಳನಕ್ಕೆ ಬಹಳ ಒದ್ದಾಡಿದ. ಎಲ್ಲ ಮುಗಿದ ಮೇಲೆ ನೋಡಿದರೆ ಅದರಲ್ಲಿ ಚೆನ್ನಾಗಿದ್ದದ್ದು ಕಾಫಿಗೆ ಬಿಟ್ಟ ಹೊತ್ತು ಮಾತ್ರ! ಹಿಂದೆ ಲೈಬೀರಿಯಾದ ಬಲಾಮಾ ಎಂಬ ಹಳ್ಳಿಯಲ್ಲಿ ಆತ ನಾಲ್ಕು ದಿನದ ಹಬ್ಬ ನೋಡಿದ್ದ, ಅದಕ್ಕೆ ಸಮಿತಿಯೂ ಇರಲಿಲ್ಲ, ಕಾರ್ಯಕ್ರಮ ಪಟ್ಟಿಯೂ ಇರಲಿಲ್ಲ. ಅದನ್ನೇ ನೆನೆದು 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಬಂದವರನ್ನು ಸುತ್ತ ಕೂರಿಸಿ, ವಿಷಯಗಳನ್ನು ಅವರಿಂದಲೇ ಗೋಡೆಗೆ ಹಚ್ಚಿಸಿದ. ‘ಓಪನ್ ಸ್ಪೇಸ್’ ಅನ್ನುವುದು ಇದಕ್ಕೆ. ಸಾಫ್ಟ್‌ವೇರ್ ಮಂದಿಯ ಬಾರ್‌ಕ್ಯಾಂಪ್ 2005ರಲ್ಲಿ ಶುರುವಾದದ್ದು, ಅದರ ಜಾಡೂ ಹೆಚ್ಚುಕಡಿಮೆ ಇದೇ.

ಭಾಷಣ ಇಲ್ಲ ಅಂದರೆ ತಯಾರಿಯೂ ಬೇಡ ಅಂತ ಕೆಲವರು ತಿಳಿದಿದ್ದಾರೆ. ನನ್ನ ಲೆಕ್ಕದಲ್ಲಿ ಇದಕ್ಕೇ ತಯಾರಿ ಹೆಚ್ಚು. ಎಲ್ಲಕ್ಕೂ ಮೊದಲು ದಿನ. ಕೊಯ್ಲು, ಸುಲಿತ, ಬೇಯಿಸುವುದು ಎಲ್ಲ ಮುಗಿದಿರಬೇಕು, ಮಳೆಗಾಲದ ಮೊದಲ ಔಷಧಿ ಹೊಡೆಯಲು ಇನ್ನೂ ಸಮಯ ಇರಬೇಕು. ಏಪ್ರಿಲ್ ಸರಿ, ಆದರೆ ಅದೇ ಮದುವೆಯ ಕಾಲ. ಪಂಚಾಂಗ ಹಿಡಿದು ಮುಹೂರ್ತ ಇಲ್ಲದ ಭಾನುವಾರ ಹುಡುಕಿದೆವು.

ಆಮೇಲೆ ಕರೆಯುವ ಬಗೆ. ‘ಅಡಿಕೆ ಕೃಷಿ: ಸವಾಲು ಮತ್ತು ಪರಿಹಾರ’ ಎಂದು ಬರೆದರೆ ಜನ ಕೇಳಲು ಬರುತ್ತಾರೆ, ಹೇಳಲು ಬರುವುದಿಲ್ಲ. ನಾವು ವಾಟ್ಸಾಪಿನಲ್ಲಿ ಹಾಕಿದ್ದು ಒಂದೇ ಸಾಲು: ‘ನಿಮ್ಮ ತೋಟದ್ದೇ ಒಂದು ಪ್ರಶ್ನೆ ತನ್ನಿ, ಉತ್ತರ ಗೊತ್ತಿಲ್ಲದ್ದು.’ ಅಷ್ಟಕ್ಕೇ ಬಿಡಲಿಲ್ಲ. ಮೊದಲ ಹತ್ತು ನಿಮಿಷ ಯಾರೂ ಏಳುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಹಿಂದಿನ ವಾರವೇ ಐದಾರು ಮನೆಗೆ ಹೋಗಿ ಕೂತು, ಅವರು ಗೊಣಗುತ್ತಿದ್ದ ವಿಷಯವನ್ನೇ ಹಿಡಿದು, ‘ಇದನ್ನೇ ಅಲ್ಲಿ ಬರೀರಿ ಮಾರಾಯ್ರೆ’ ಅಂದು ಬಂದೆವು.

ಜಾಗ ಸ್ನೇಹಿತರೊಬ್ಬರ ಮನೆಯ ಅಂಗಳ. ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಸಭಾಭವನ ಬೇಡವೆಂದಿದ್ದು ದುಡ್ಡಿಗಲ್ಲ. ವೇದಿಕೆ ಇದ್ದಲ್ಲಿ ಯಾರಾದರೂ ಹತ್ತಿಯೇ ಹತ್ತುತ್ತಾರೆ. ಗೋಡೆಗೆ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಹಿಂದುಮುಂದು ಮಾಡಿ ಅಂಟಿಸಿ ಗೆರೆ ಎಳೆದೆವು. ಮೂರು ಹೊತ್ತು, ನಾಲ್ಕು ಜಾಗ: ಜಗುಲಿ, ಚಪ್ಪರ, ಹಲಸಿನ ಮರದಡಿ, ತೋಟದೊಳಗೆ. ಹಾಳೆಯ ಮೇಲೆ ಒಟ್ಟು 12 ಚೌಕದ ಮನೆ. ಪ್ರಶ್ನೆ ಬರೆದವರು ಎದ್ದು, ಒಂದು ವಾಕ್ಯದಲ್ಲಿ ಹೇಳಿ, ಚೀಟಿಯನ್ನು ಬೇಕಾದ ಮನೆಗೆ ಅಂಟಿಸುವುದು. ಎರಡು ಚೀಟಿ ಒಂದೇ ಥರ ಕಂಡರೂ ನಾವಾಗಿ ಕೂಡಿಸಲಿಲ್ಲ, ಬರೆದ ಇಬ್ಬರೂ ಒಪ್ಪಿದರೆ ಮಾತ್ರ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗದ ಎರಡು ಪ್ರಶ್ನೆ ಕೂಡಿಸೋಣ ಅಂದಾಗ ಒಬ್ಬರು ಒಪ್ಪಲೇ ಇಲ್ಲ. ಅವರದ್ದು ಔಷಧಿಯ ಪ್ರಶ್ನೆಯಲ್ಲ, ಔಷಧಿ ಹೊಡೆಯುವ ಜನ ಸಿಗದ ಪ್ರಶ್ನೆ. ಅದು ಬೇರೆಯೇ ಕೂಟವಾಗಿ ಕೆಳಗೆ ನಿಂತೇ ಔಷಧಿ ಹೊಡೆಯಲು ಬರುವ ಕಾರ್ಬನ್ ಫೈಬರ್ ದೋಟಿಯನ್ನು (ಉದ್ದನೆಯ ಕೋಲು) ನಾಲ್ಕು ಮನೆಯವರು ಕೂಡಿ ಕೊಳ್ಳುವ ಮಾತಿನವರೆಗೆ ಹೋಯಿತು.

ಹೆಂಗಸರು ಮೊದಲಿಗೆ ಬರೆಯಲಿಲ್ಲ. ಅಂಗಳದ ತುಂಬ ಗಂಡಸರು ನಿಂತಿರುವಾಗ ಎದ್ದು ಗೋಡೆಯ ಹತ್ತಿರ ಬರುವುದು ನಮ್ಮ ಕಡೆ ಸುಲಭವಲ್ಲ. ನನ್ನ ಅತ್ತಿಗೆ ನಾಲ್ಕು ಚೀಟಿ, ಪೆನ್ನು ತಗೊಂಡು ಅಡುಗೆಮನೆಯ ಹಿಂದಿನ ಕಟ್ಟೆಗೆ ಹೋದಳು. ಬಂದ ಚೀಟಿಗಳಲ್ಲಿ ಒಂದು ಅಡಿಕೆ ಸುಲಿಯುವ ಮೆಟ್ಟುಗತ್ತಿಯದ್ದು: ‘ಮೆಟ್ಟುಗತ್ತಿ ಮುಂದೆ ದಿನವಿಡೀ ಕೂತರೆ ಸೊಂಟ ಹಿಡಿಯುತ್ತದೆ, ಏನು ಮಾಡುವುದು?’ ನೂರು ವಿಚಾರ ಸಂಕಿರಣ ಮಾಡಿದರೂ ಯಾವ ಆಹ್ವಾನ ಪತ್ರಿಕೆಯಲ್ಲೂ ಈ ವಿಷಯ ಬರುತ್ತಿರಲಿಲ್ಲ. ಆ ಕೂಟಕ್ಕೆ ಗಂಡಸರೂ ಹೋಗಿ ಕೂತರು. ಕತ್ತಿಯ ಮಣೆಯನ್ನು ಎಷ್ಟು ಎತ್ತರಿಸಬಹುದು ಅಂತ ಅಲ್ಲೇ ಇಟ್ಟಿಗೆ ಇಟ್ಟು ನೋಡಿದ್ದೂ ಆಯಿತು.

ಓವೆನ್ ಹೇಳುವ ‘ಎರಡು ಕಾಲಿನ ನಿಯಮ’ ನಮಗೆ ಕಷ್ಟವಾದದ್ದು. ಕೂತಲ್ಲಿ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದರೆ ಎದ್ದು ಬೇರೆ ಕೂಟಕ್ಕೆ ಹೋಗಬೇಕು ಅನ್ನುವುದು ಅದು. ಹಿರಿಯರು ಮಾತಾಡುವಾಗ ಮಧ್ಯೆ ಎದ್ದರೆ ನಮ್ಮಲ್ಲಿ ಅದು ಅವಮಾನ. ಬೋರ್ಡು ಬರೆದು ಹಾಕಿದರೂ ಯಾರೂ ಏಳುವವರಲ್ಲ. ಕೊನೆಗೆ ಕವಳದ, ಅಂದರೆ ಎಲೆಅಡಿಕೆಯ, ಹರಿವಾಣವನ್ನು ಯಾವ ಕೂಟಕ್ಕೂ ಸೇರದಂತೆ ಅಂಗಳದ ನಡುವೆ ಇಟ್ಟೆವು. ಕವಳ ಹಾಕಲು ಏಳುವುದು ಯಾರಿಗೂ ಅವಮಾನವಲ್ಲ. ಎದ್ದವರು ವಾಪಸು ಬರುವಾಗ ಬೇರೆ ಕಡೆ ಕೂತರೆ ಯಾರೂ ಗಮನಿಸುವುದೂ ಇಲ್ಲ. ಮಜ್ಜಿಗೆ ಪಾತ್ರೆಯೂ ಅಲ್ಲೇ. ಮಾತಿನ ಮಲ್ಲರೊಬ್ಬರ ಕೂಟ ಅರ್ಧ ಗಂಟೆಯಲ್ಲಿ ಯಾರನ್ನೂ ನೋಯಿಸದೆ ಖಾಲಿಯಾಯಿತು, ಅವರೂ ಕವಳ ಹಾಕಿ ಬೇರೆ ಕಡೆ ಹೋಗಿ ಕೂತರು.

ಜನ ಜಾಸ್ತಿ ಸೇರಿದ್ದು ಹಲಸಿನ ಮರದಡಿ. ಪ್ರಶ್ನೆ: ‘ಬೋರ್ಡೋ ಹೊಡೆದರೂ ಕೊಳೆ ಏಕೆ ಬರುತ್ತದೆ?’ ಬೋರ್ಡೋ ಅಂದರೆ ಕೊಳೆಗೆ ಹೊಡೆಯುವ ಔಷಧಿ. ಅದರ ಶೇಕಡ 1ರ ದ್ರಾವಣ ಎಲ್ಲರಿಗೂ ಗೊತ್ತು: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಆದರೆ ಬೆರೆಸುವುದು ಒಬ್ಬೊಬ್ಬರದ್ದು ಒಂದೊಂದು ರೀತಿ. ಮಾತು ಬೆಳೆದಾಗ ಮನೆಯವರೇ ಎರಡು ಪ್ಲಾಸ್ಟಿಕ್ ಬಕೆಟ್ ತಂದರು. ಒಬ್ಬ ಹುಡುಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ತೋರಿಸಿದ, ಸುಣ್ಣವನ್ನು ಅದಕ್ಕೆ ಹೊಯ್ಯುವುದಲ್ಲ ಎಂದ. ಹಿರಿಯರೊಬ್ಬರು ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನು ಅದ್ದಿ ಎತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. ‘ಸುಣ್ಣ ಸಾಲಲಿಲ್ಲ, ಇದು ಹಿಂಗಾರ ಸುಡುತ್ತೆ’ ಎಂದರು. ಇನ್ನಷ್ಟು ಸುಣ್ಣ ಸೇರಿ ಕೆಂಪು ಹತ್ತುವುದು ನಿಂತ ಮೇಲೆಯೇ ಆ ಬಕೆಟ್ ಬಿಟ್ಟು ಜನ ಎದ್ದದ್ದು. ಬಂದಿದ್ದ ತೋಟಗಾರಿಕೆ ಅಧಿಕಾರಿಯೊಬ್ಬರೂ ಚಾಪೆಯ ಮೇಲೆ ಕೂತು ನೋಡಿದರು. ಅವರನ್ನು ಕರೆಯುವಾಗಲೇ ಹೇಳಿದ್ದೆವು, ಹಾರ ಇಲ್ಲ, ಮೈಕ್ ಇಲ್ಲ, ನೀವೂ ಒಂದು ಪ್ರಶ್ನೆ ತನ್ನಿ ಅಂತ.

ಎಲೆಚುಕ್ಕಿ ರೋಗದ ಕೂಟ ಬೇಗ ಮುಗಿಯಿತು. ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ. ಎಳೆದು ಹೊತ್ತು ತುಂಬಿಸಲು ಹೋಗಲಿಲ್ಲ. ಯಾರು ಯಾವಾಗ ಏನು ಹೊಡೆದರು, ಗರಿ ಹೇಗಿದೆ ಅಂತ ತಿಂಗಳಿಗೊಮ್ಮೆ ಫೋಟೊ ಸಮೇತ ಗುಂಪಿಗೆ ಹಾಕುವುದು ಎಂದು ಒಪ್ಪಿ ಎದ್ದರು.

ಬರೆದಿಡುವ ಕೆಲಸವನ್ನು ಪ್ರಶ್ನೆ ತಂದವರಿಗೆ ಕೊಡಬೇಡಿ, ಅವರು ಕೇಳುವುದರಲ್ಲೇ ಇರಲಿ. ಕೂಟಕ್ಕೊಬ್ಬ ಕಾಲೇಜಿಗೆ ಹೋಗುವ ಹುಡುಗ ಅಥವಾ ಹುಡುಗಿ, ಒಂದೇ ಹಾಳೆ: ಪ್ರಶ್ನೆ ಏನು, ಏನು ತಿಳಿಯಿತು, ಇನ್ನು ಯಾರು ಏನು ಮಾಡುತ್ತಾರೆ. ಅದರ ಫೋಟೊ ಅವತ್ತು ಸಂಜೆಯೇ ಗುಂಪಿಗೆ ಹೋಗಬೇಕು. ‘ಆಮೇಲೆ ಟೈಪ್ ಮಾಡಿ ಕಳಿಸ್ತೀನಿ’ ಎಂದದ್ದು ಯಾವತ್ತೂ ಬರುವುದಿಲ್ಲ.

ಖರ್ಚು ಊಟದ್ದು ಮಾತ್ರ. ಅನ್ನ, ಸಾರು, ಅಪ್ಪೆಹುಳಿ, ಮೇಲೊಂದು ಪಾಯಸ. ಜಗುಲಿಯಲ್ಲಿ ಒಂದು ಡಬ್ಬ ಇಟ್ಟಿದ್ದೆವು, ಹಾಕಿದವರ ಹೆಸರು ಓದಲಿಲ್ಲ. ವಂದನಾರ್ಪಣೆಯೂ ಇರಲಿಲ್ಲ, ಅದೊಂದಕ್ಕೆ ಮಾತ್ರ ಇಬ್ಬರು ಬೇಸರ ಮಾಡಿಕೊಂಡರು. ಮುಂದಿನ ಸಭೆ ಕೊಪ್ಪದ ಕಡೆ ಮಾಡುತ್ತೇವೆ ಅಂತ ಅಲ್ಲಿಂದ ಬಂದವರು ಹೇಳಿದ್ದಾರೆ, ಗೋಡೆಯ ಹಾಳೆಗಳನ್ನು ಸುತ್ತಿ ಅವರ ಜೀಪಿಗೆ ಹಾಕಿ ಕಳಿಸಿದೆವು.