ಬ್ಯಾಕಪ್ ತೆಗೆದ ಮೇಲೆ ಹಾರ್ಡ್ ಡಿಸ್ಕ್ ಕಿತ್ತಿಡಿ

ಕಳೆದ ವರ್ಷ ಒಂದು ಬೆಳಿಗ್ಗೆ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆಯಲೇ ಇಲ್ಲ. ಫೈಲುಗಳೆಲ್ಲ ಲಾಕ್ ಆಗಿದ್ದವು. ಬಿಡಿಸಬೇಕಾದರೆ ಹಣ ಕೊಡಿ ಎಂಬ ಸಂದೇಶ ಬೇರೆ. ಬ್ಯಾಕಪ್ ಇತ್ತು, ಆದರೆ ಆ ಹಾರ್ಡ್ ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಅದೂ ಲಾಕ್ ಆಯಿತು. ಎರಡು ವರ್ಷದ ಉದ್ರಿ ಲೆಕ್ಕವನ್ನು ಹಳೇ ಬಿಲ್ ಪುಸ್ತಕ ನೋಡಿ ಮತ್ತೆ ಬರೆದೆವು.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಎರಡು ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ. ಸಂಜೆ ಬಾಗಿಲು ಹಾಕುವ ಮುಂಚೆ ಒಂದಕ್ಕೆ ಬ್ಯಾಕಪ್ ತೆಗೆದು, ಕಿತ್ತು, ಮನೆಗೆ ಒಯ್ಯಿರಿ. ಮರುದಿನ ಇನ್ನೊಂದು. ತಿಂಗಳಿಗೊಮ್ಮೆ ಆ ಬ್ಯಾಕಪ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ. ಸುಮ್ನೆ ಇದೆ ಅಂದುಕೊಂಡರೆ ಸಾಲದು, ಅಲ್ವಾ? ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದ ಕಳ್ಳ ಸಾಫ್ಟ್‌ವೇರ್ ಮಾತ್ರ ಬೇಡವೇ ಬೇಡ. ನಮ್ಮ ಕಂಪ್ಯೂಟರಿಗೆ ವೈರಸ್ ಬಂದದ್ದು ಅಲ್ಲಿಂದಲೇ.

ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಹೆಸರಲ್ಲಿ ಬರುವ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಮುಟ್ಟಬೇಡಿ. ಕೌಂಟರಿನಲ್ಲಿ ಕೂರುವ ಹುಡುಗರಿಗೂ ಹೇಳಿಕೊಡಿ. ಖಾತೆಯಿಂದ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಕಳ್ಳರ ಕೈ ಸೇರುವ ಮುಂಚೆ ತಡೆಯುವ ಅವಕಾಶ ಜಾಸ್ತಿ.